ಮರೆಗುಳಿತನಕ್ಕೆ ವೈರಾಣು ಔಷಧ: ಆಸೆ ಎಷ್ಟು, ಆಧಾರ ಎಷ್ಟು?

‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಮ್ಮ ಹಿರಿಯರು ನಗುನಗುತ್ತಲೇ ಆಡುತ್ತಿದ್ದರು. ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆನಿಂತು ಎರಡು ಮೂರು ತಲೆಮಾರು ಕಳೆದಿರುವ ನಮ್ಮ ಕುಟುಂಬಗಳಲ್ಲಿ ಇಂದು ಆ ಗಾದೆಯನ್ನು ಕೇಳಿ ನಗುವವರು ಕಡಿಮೆ. ನಲವತ್ತು ವರ್ಷ ಹಿಂದಿ ಮರಾಠಿಗಳಲ್ಲಿ ಸಲೀಸಾಗಿ ವ್ಯವಹರಿಸಿದ ತಂದೆಯವರು ಒಂದು ದಿನ ಪಕ್ಕದ ಮನೆಯವರೊಡನೆಯೂ ಕನ್ನಡದಲ್ಲೇ ಮಾತನಾಡತೊಡಗುತ್ತಾರೆ. ತಾವಿರುವುದು ಊರಿನ ಮನೆಯಲ್ಲಿಯೇ ಎಂದು ತಾಯಿಯವರು ಹಟ ಹಿಡಿಯುತ್ತಾರೆ. ನಂತರ ಕಲಿತ ಭಾಷೆಗಳು ಮೊದಲು ಮಾಸಿ, ಬಾಲ್ಯದ ಭಾಷೆ ಹೆಚ್ಚು ಕಾಲ ಉಳಿಯುವುದನ್ನು ಈ ಕಾಯಿಲೆಯಲ್ಲಿ ವೈದ್ಯರು ಹಲವೊಮ್ಮೆ ಕಾಣುತ್ತಾರೆ.

ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆಗುಳಿತನವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಇದಕ್ಕೆ ಅತಿ ಸಾಮಾನ್ಯ ಕಾರಣ ಆಲ್‌ಝೈಮರ್ ಕಾಯಿಲೆ. ಹೀಗಿರುವಾಗ ‘ಎಚ್.ಐ.ವಿ. ಮಾತ್ರೆಯಿಂದ ಮರೆವು ದೂರ’, ‘ಹರ್ಪಿಸ್ ಔಷಧದಿಂದ ಆಲ್‌ಝೈಮರ್‌ಗೆ ತಡೆ’ ಎಂಬಂತಹ ಸುದ್ದಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ ಮನೆಯವರ ಮನಸ್ಸು ಆ ಕಡೆ ಓಡುವುದು ಸಹಜವೇ. ಈ ಔಷಧಗಳು ಹಳೆಯವು, ಅಗ್ಗದವು, ಯಾವುದೇ ದೊಡ್ಡ ಔಷಧದ ಅಂಗಡಿಯಲ್ಲಿ ದೊರೆಯುವಂಥವು. ಆದ್ದರಿಂದ ಈ ಸುದ್ದಿಯ ಹಿಂದಿರುವ ವಿಜ್ಞಾನವೇನು, ಅದು ಈಗ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ನಮ್ಮ ಓದುಗರ ಮುಂದಿಡುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಮೆದುಳಿನಲ್ಲಿ ನಡೆಯುವುದೇನು?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಲಾಯಿತು. ತನ್ನ ಹೆಸರನ್ನು ಬರೆಯಲು ಹೇಳಿದರೆ ನಡುವೆಯೇ ಮರೆತುಬಿಡುತ್ತಿದ್ದ ಆಕೆಯನ್ನು ಪರೀಕ್ಷಿಸಿದವರು ಡಾ. ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಅವರು ಎರಡು ಅಸಹಜ ಸಂಗತಿಗಳನ್ನು ಗುರುತಿಸಿದರು. ನರಕೋಶಗಳ ಹೊರಗೆ ಗಟ್ಟಿಕಟ್ಟಿದ ಚಕ್ಕೆಗಳಿದ್ದವು. ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳಿದ್ದವು. ಚಕ್ಕೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನವೆಂದೂ ಸಿಕ್ಕುಗಳು ಟಾವ್ ಎಂಬ ಪ್ರೋಟೀನಿನವೆಂದೂ ನಂತರದ ವಿಜ್ಞಾನಿಗಳು ಕಂಡುಕೊಂಡರು.

ಇವೆರಡರ ಜೊತೆಗೆ ಮೂರನೆಯ ಸಂಗತಿಯೊಂದಿದೆ. ಅದೇ ಉರಿಯೂತ. ಮೆದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲುಕೋಶಗಳಿವೆ. ಕಸ, ಸತ್ತ ಕೋಶ, ರೋಗಾಣು ಯಾವುದೇ ಬಂದರೂ ನುಂಗಿ ತೆಗೆಯುವುದು ಇವುಗಳ ಕೆಲಸ. ಕೆಲಸ ಮುಗಿದ ಮೇಲೆ ಇವು ಶಾಂತವಾಗಬೇಕು. ಆಲ್‌ಝೈಮರ್ ಕಾಯಿಲೆಯಲ್ಲಿ ಹಾಗಾಗುವುದಿಲ್ಲ. ವರ್ಷಗಟ್ಟಲೆ ಕೆರಳಿದ ಸ್ಥಿತಿಯಲ್ಲೇ ಇದ್ದು, ಸುತ್ತಲಿನ ಆರೋಗ್ಯವಂತ ನರಕೋಶಗಳಿಗೂ ಹಾನಿ ಮಾಡುವ ರಾಸಾಯನಿಕಗಳನ್ನು ಸುರಿಸುತ್ತಿರುತ್ತವೆ. ಕಳ್ಳನನ್ನು ಹಿಡಿಯಲು ಬಂದ ಕಾವಲುಗಾರ ಮನೆಯ ಪಾತ್ರೆ ಪಡಗಗಳನ್ನೆಲ್ಲ ಒಡೆದು ಹಾಕಿದಂತೆ.

ಈ ಉರಿಯೂತವು ಕಾಯಿಲೆಯ ಪರಿಣಾಮವೋ ಅಥವಾ ಕಾರಣಗಳಲ್ಲೊಂದೋ ಎಂಬ ಚರ್ಚೆ ಬಹುಕಾಲ ನಡೆಯಿತು. 2013ರಲ್ಲಿ ಎರಡು ಮುಖ್ಯ ಸುಳಿವುಗಳು ದೊರೆತವು. ಮೈಕ್ರೋಗ್ಲಿಯಾ ಕೋಶಗಳಲ್ಲಿ ಕೆಲಸ ಮಾಡುವ ಟ್ರೆಮ್-2 ಎಂಬ ಜೀನಿನ ಒಂದು ವಿರಳ ರೂಪವಿರುವವರಲ್ಲಿ ಆಲ್‌ಝೈಮರ್ ಸಂಭವ ಹೆಚ್ಚೆಂದು ತಿಳಿದುಬಂತು. ಅದೇ ವರ್ಷ ಜರ್ಮನಿಯ ವಿಜ್ಞಾನಿಗಳ ತಂಡವೊಂದು, ಉರಿಯೂತವನ್ನು ಹೊತ್ತಿಸುವ ಎನ್.ಎಲ್.ಆರ್.ಪಿ.-3 ಎಂಬ ಕಿಡಿಯನ್ನೇ ತೆಗೆದುಹಾಕಿದ ಇಲಿಗಳಲ್ಲಿ ನೆನಪಿನ ಶಕ್ತಿ ಉಳಿಯಿತೆಂದು ತೋರಿಸಿತು. ಅಂದಮೇಲೆ ಉರಿಯೂತ ಕೇವಲ ಹೊಗೆಯಲ್ಲ, ಬೆಂಕಿಯಲ್ಲೂ ಅದಕ್ಕೆ ಪಾಲಿದೆ ಎಂಬ ಅಭಿಪ್ರಾಯ ಬಲಗೊಂಡಿತು.

ವೈರಾಣುವಿನ ಮೇಲೆ ಅನುಮಾನ

ಕಾವಲುಕೋಶಗಳನ್ನು ಕೆರಳಿಸುವುದು ಯಾವುದು? ಇದಕ್ಕೆ ಬಂದ ಉತ್ತರಗಳಲ್ಲೊಂದು ವೈರಾಣು. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳಿಸುವ ಹರ್ಪಿಸ್ ಸಿಂಪ್ಲೆಕ್ಸ್-1 ವೈರಾಣು ಪ್ರಪಂಚದಲ್ಲಿ 50 ವರ್ಷದೊಳಗಿನ ಸುಮಾರು ಮೂರನೆಯ ಎರಡು ಭಾಗದಷ್ಟು ಜನರಲ್ಲಿದೆ. ಒಮ್ಮೆ ಹೊಕ್ಕ ಈ ಅತಿಥಿ ಮತ್ತೆ ಹೊರಡುವುದಿಲ್ಲ. ನರಗಳ ಗಂಟಿನಲ್ಲಿ ಮಲಗಿದ್ದು, ದೇಹ ಸೊರಗಿದಾಗ ಏಳುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ರೂತ್ ಇಟ್ಜಾಕಿ ಮತ್ತು ಸಂಗಡಿಗರು 1991ರಲ್ಲಿ ವೃದ್ಧರ ಮೆದುಳಿನಲ್ಲಿ ಈ ವೈರಾಣುವಿನ ಡಿ.ಎನ್.ಎ. ಇರುವುದನ್ನು ತೋರಿಸಿದರು. 1997ರಲ್ಲಿ, ಎಪಿಒಇ-4 ಎಂಬ ಜೀನಿನ ರೂಪವೂ ಮೆದುಳಿನಲ್ಲಿ ಈ ವೈರಾಣುವೂ ಒಟ್ಟಿಗೆ ಇದ್ದವರಲ್ಲಿ ಆಲ್‌ಝೈಮರ್‌ನ ಅಪಾಯ ಹೆಚ್ಚೆಂದು ವರದಿ ಮಾಡಿದರು. ಬಹುಕಾಲ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

2010ರಲ್ಲಿ ಅಮೆರಿಕದ ರಾಬರ್ಟ್ ಮೊಯಿರ್ ಮತ್ತು ರುಡಾಲ್ಫ್ ಟಾಂಝಿ ಅವರ ತಂಡ ಹೊಸ ಸಂಗತಿಯೊಂದನ್ನು ಮುಂದಿಟ್ಟಿತು. ಖಳನಾಯಕನೆಂದು ತಿಳಿದಿದ್ದ ಅಮೈಲಾಯ್ಡ್ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದಾಗಿತ್ತು. ಅಂದರೆ ಅದು ಮೂಲತಃ ಮೆದುಳಿನ ರಕ್ಷಣೆಗೆ ಹುಟ್ಟಿದ್ದಿರಬಹುದು; ರಕ್ಷಣೆ ನಿಲ್ಲದೆ ಮುಂದುವರಿದಾಗ ಚಕ್ಕೆಗಳೂ ಉರಿಯೂತವೂ ಬೆಳೆಯುತ್ತಿರಬಹುದು ಎಂಬ ಊಹೆಗೆ ಇದರಿಂದ ದಾರಿಯಾಯಿತು.

2018ರಲ್ಲಿ ತೈವಾನಿನಿಂದ ಬಂದ ಅಂಕಿಅಂಶ ಎಲ್ಲರ ಗಮನ ಸೆಳೆಯಿತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳಿಂದ ಹರ್ಪಿಸ್ ಸೋಂಕು ತಗಲಿದ 50 ವರ್ಷ ಮೀರಿದ 8,362 ಮಂದಿಯನ್ನೂ ಸೋಂಕಿಲ್ಲದ 25,086 ಮಂದಿಯನ್ನೂ ಹೋಲಿಸಲಾಯಿತು. ಸೋಂಕಿದ್ದವರಲ್ಲಿ ಮರೆಗುಳಿತನದ ಅಪಾಯ ಸುಮಾರು ಎರಡೂವರೆ ಪಟ್ಟು. ಅವರಲ್ಲಿ ವೈರಾಣು ಔಷಧ ಪಡೆದವರ ಅಪಾಯವಾದರೋ, ಪಡೆಯದವರಿಗಿಂತ ಶೇಕಡ 90ರಷ್ಟು ಕಡಿಮೆ! ಮೊಬೈಲಿನಲ್ಲಿ ಇಂದಿಗೂ ಓಡಾಡುವ ಸುದ್ದಿಗಳಲ್ಲಿ ಈ ‘ಶೇಕಡ 90’ ಪದೇ ಪದೇ ಕಾಣಿಸಿಕೊಳ್ಳುತ್ತದೆ.

ಹಳೆಯ ಔಷಧ, ಹೊಸ ಕೆಲಸ

ಒಂದು ರೋಗಕ್ಕೆಂದು ಮಾಡಿದ ಔಷಧವನ್ನು ಮತ್ತೊಂದು ರೋಗಕ್ಕೆ ಬಳಸುವುದು ವೈದ್ಯಲೋಕಕ್ಕೆ ಹೊಸತಲ್ಲ. ಅಮಾಂಟಡಿನ್ ಎಂಬುದು ಫ್ಲೂ ಜ್ವರದ ವೈರಾಣುವಿಗೆಂದು 1966ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ. 1968ರಲ್ಲಿ ಫ್ಲೂ ತಡೆಗೆಂದು ಅದನ್ನು ಸೇವಿಸಿದ ಪಾರ್ಕಿನ್ಸನ್ ರೋಗಿಯೊಬ್ಬರು ತಮ್ಮ ನಡುಕ, ಬಿಗಿತಗಳು ಕಡಿಮೆಯಾದವೆಂದು ವೈದ್ಯರಿಗೆ ತಿಳಿಸಿದರು. ಮಾತ್ರೆ ನಿಲ್ಲಿಸಿದಾಗ ತೊಂದರೆ ಮರುಕಳಿಸಿತು. ಅಂದಿನಿಂದ ಇಂದಿನವರೆಗೂ ಅದು ಪಾರ್ಕಿನ್ಸನ್ ಔಷಧವಾಗಿ ಬಳಕೆಯಲ್ಲಿದೆ. ಎಚ್.ಐ.ವಿ.ಗೆ ಮೊದಲು ಬಂದ ಔಷಧ ಎ.ಝೆಡ್.ಟಿ. ಕೂಡ 1964ರಲ್ಲಿ ಕ್ಯಾನ್ಸರಿಗೆಂದು ತಯಾರಾಗಿ, ಕೆಲಸಕ್ಕೆ ಬಾರದೆ ಮೂಲೆ ಸೇರಿ, 1987ರಲ್ಲಿ ಹೊಸ ಕೆಲಸಕ್ಕೆ ಎದ್ದು ಬಂದದ್ದು.

ಇದರ ಲಾಭ ಸ್ಪಷ್ಟ. ಔಷಧದ ಪ್ರಮಾಣ, ಅಡ್ಡಪರಿಣಾಮಗಳು ಮೊದಲೇ ತಿಳಿದಿರುತ್ತವೆ; ಹೊಸ ಔಷಧವೊಂದನ್ನು ಮೊದಲಿನಿಂದ ಕಟ್ಟುವ ಹತ್ತಾರು ವರ್ಷಗಳು ಉಳಿಯುತ್ತವೆ; ಬೆಲೆಯೂ ಕಡಿಮೆ. ಬೆಲೆಯ ವಿಷಯದಲ್ಲಿ ನಮ್ಮ ಮುಂಬಯಿಗೂ ಒಂದು ಪಾತ್ರವಿದೆ. ಲ್ಯಾಮಿವುಡಿನ್ ಸೇರಿದಂತೆ ಮೂರು ಎಚ್.ಐ.ವಿ. ಔಷಧಗಳ ವರ್ಷದ ಚಿಕಿತ್ಸೆಗೆ ಪಾಶ್ಚಾತ್ಯ ದೇಶಗಳಲ್ಲಿ ಹತ್ತು ಸಾವಿರ ಡಾಲರಿಗೂ ಮಿಗಿಲಾಗಿದ್ದಾಗ, 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಮುಂದೆ ಬಂದದ್ದು ಇತಿಹಾಸ.

ಈ ಲ್ಯಾಮಿವುಡಿನ್ ಗುಂಪಿನ ಔಷಧಗಳೇ ನಮ್ಮ ವಿಷಯದ ಎರಡನೆಯ ದಾರಿ. ಇಲ್ಲಿ ಗುರಿ ವೈರಾಣುವಲ್ಲ, ನೇರವಾಗಿ ಉರಿಯೂತ. ಅಮೆರಿಕದಲ್ಲಿರುವ ಭಾರತೀಯ ಮೂಲದ ನೇತ್ರವಿಜ್ಞಾನಿ ಜಯಕೃಷ್ಣ ಅಂಬಾಟಿ ಅವರ ತಂಡ 2014ರಲ್ಲಿ, ಈ ಔಷಧಗಳಿಗೆ ವೈರಾಣುವನ್ನು ತಡೆಯುವ ಗುಣವಷ್ಟೇ ಅಲ್ಲದೆ, ಮೇಲೆ ಹೇಳಿದ ಎನ್.ಎಲ್.ಆರ್.ಪಿ.-3 ಕಿಡಿಯನ್ನು ಆರಿಸುವ ಪ್ರತ್ಯೇಕ ಗುಣವೂ ಇದೆ ಎಂದು ತೋರಿಸಿತು. 2025ರಲ್ಲಿ ಅವರು ಅಮೆರಿಕದ ಎರಡು ಬೃಹತ್ ಆರೋಗ್ಯ ದಾಖಲೆಗಳಲ್ಲಿ ಎಚ್.ಐ.ವಿ. ಅಥವಾ ಹೆಪಟೈಟಿಸ್-ಬಿ ಇದ್ದ 50 ವರ್ಷ ಮೀರಿದವರನ್ನು ಪರಿಶೀಲಿಸಿ, ಈ ಔಷಧ ಸೇವಿಸಿದ ಪ್ರತಿ ವರ್ಷಕ್ಕೂ ಆಲ್‌ಝೈಮರ್ ಸಂಭವ ಒಂದು ದಾಖಲೆಯಲ್ಲಿ ಶೇಕಡ 6ರಷ್ಟೂ ಇನ್ನೊಂದರಲ್ಲಿ ಶೇಕಡ 13ರಷ್ಟೂ ಕಡಿಮೆಯಿತ್ತೆಂದು ವರದಿ ಮಾಡಿದರು. ಬೇರೆ ಬಗೆಯ ಎಚ್.ಐ.ವಿ. ಔಷಧಗಳಲ್ಲಿ ಈ ಇಳಿಕೆ ಕಾಣಲಿಲ್ಲ ಎಂಬುದು ಗಮನಾರ್ಹ.

ಇದನ್ನು ಆಲ್‌ಝೈಮರ್ ರೋಗಿಗಳ ಮೇಲೆಯೇ ಪರೀಕ್ಷಿಸುವ ಕೆಲಸವೂ ಆರಂಭವಾಗಿದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ 12 ಮಂದಿಗೆ 24 ವಾರ ಲ್ಯಾಮಿವುಡಿನ್ ಕೊಟ್ಟು ನೋಡಿದಾಗ ಮೆದುಳಿನ ಉರಿಯೂತವನ್ನು ಸೂಚಿಸುವ ಜಿ.ಎಫ್.ಎ.ಪಿ. ಎಂಬ ಪ್ರೋಟೀನು ಇಳಿಯಿತು. ಆದರೆ ನೆನಪಿನಲ್ಲಿ ಬದಲಾವಣೆ ಕಾಣಲಿಲ್ಲ. ಹನ್ನೆರಡೇ ಮಂದಿ, ಹೋಲಿಕೆಗೆ ಹುಸಿ ಮಾತ್ರೆಯ ಗುಂಪೂ ಇಲ್ಲ. ಆದ್ದರಿಂದ ಇದು ದೊಡ್ಡ ಪ್ರಯೋಗಕ್ಕೆ ಮುನ್ನುಡಿಯೇ ವಿನಾ ತೀರ್ಪಲ್ಲ.

ದಾವಣಗೆರೆಯ ಹೆಸರು ಹೊತ್ತ ಪ್ರಯೋಗ

ಹರ್ಪಿಸ್ ಔಷಧದ ವಿಷಯದಲ್ಲಿ ಮಾತ್ರ ಒಂದು ತೀರ್ಪು ಬಂದಿದೆ. ಅದನ್ನು ತಂದ ಪ್ರಯೋಗದ ಮುಖ್ಯಸ್ಥರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಪ್ರಾಧ್ಯಾಪಕರು. ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ‘ದಾವಣಗೆರೆ ಪಿ. ದೇವಾನಂದ್’ ಎಂದೇ ಅಚ್ಚಾಗಿರುವುದನ್ನು ಕಂಡಾಗ ಯಾವ ಕನ್ನಡಿಗರಿಗಾದರೂ ಕುತೂಹಲ ಮೂಡದಿರದು.

ಈ ಪ್ರಯೋಗಕ್ಕೆ ಆರಂಭದ ಹಂತದ ಆಲ್‌ಝೈಮರ್ ಇದ್ದು, ರಕ್ತದಲ್ಲಿ ಹರ್ಪಿಸ್ ಸೋಂಕಿನ ಗುರುತಿದ್ದ 120 ಮಂದಿಯನ್ನು ಆರಿಸಲಾಯಿತು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 4 ಗ್ರಾಂ ವ್ಯಾಲಸೈಕ್ಲೋವಿರ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಡಲಾಯಿತು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. 78 ವಾರ, ಅಂದರೆ ಒಂದೂವರೆ ವರ್ಷ, ಇದು ನಡೆಯಿತು. ನೆನಪು ಮತ್ತು ಆಲೋಚನಾ ಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದನ್ನು ಮುಖ್ಯ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿತ್ತು. ಅದರಲ್ಲಿ ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಎಂದರ್ಥ.

ಫಲಿತಾಂಶವನ್ನು 2025ರ ಜುಲೈಯಲ್ಲಿ ಟೊರಾಂಟೋದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ತಿಳಿಸಲಾಯಿತು. ಪೂರ್ಣ ಪ್ರಬಂಧ ಅದೇ ವರ್ಷ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ಪಡೆದವರ ಅಂಕ ಸರಾಸರಿ 6.92ರಷ್ಟು ಏರಿದ್ದರೆ, ಔಷಧ ಪಡೆದವರದು 10.86ರಷ್ಟು ಏರಿತ್ತು. ಅಂದರೆ ಔಷಧ ಪಡೆದವರು ಸುಧಾರಿಸಲಿಲ್ಲವಷ್ಟೇ ಅಲ್ಲ, ಈ ಅಳತೆಯಲ್ಲಿ ಅವರೇ ಹೆಚ್ಚು ಕುಸಿದಿದ್ದರು. ಮೆದುಳಿನ ಸ್ಕ್ಯಾನಿನಲ್ಲಿ ಅಮೈಲಾಯ್ಡ್, ಟಾವ್‌ಗಳ ಮಟ್ಟದಲ್ಲೂ ಔಷಧದಿಂದ ಪ್ರಯೋಜನ ಕಾಣಲಿಲ್ಲ. ತಮ್ಮದೇ ಊಹೆ ನಿಜವಾಗಲಿಲ್ಲವೆಂಬುದನ್ನು ಸಂಶೋಧಕರು ಮುಚ್ಚುಮರೆಯಿಲ್ಲದೆ ಲೋಕಕ್ಕೆ ತಿಳಿಸಿದರು. ವಿಜ್ಞಾನದ ಮರ್ಯಾದೆ ಇಂತಹ ನಡವಳಿಕೆಯಲ್ಲಿಯೇ ಇದೆ.

ದಾಖಲೆಗೂ ಪ್ರಯೋಗಕ್ಕೂ ಏಕಿಷ್ಟು ಅಂತರ?

ತೈವಾನಿನ ದಾಖಲೆಯಲ್ಲಿ ಶೇಕಡ 90ರಷ್ಟು ಇಳಿಕೆ, ನ್ಯೂಯಾರ್ಕಿನ ಪ್ರಯೋಗದಲ್ಲಿ ಶೂನ್ಯಕ್ಕಿಂತ ಕಡೆ. ಇದು ಹೇಗೆ ಎಂದು ಓದುಗರು ಕೇಳಬಹುದು. ದಾಖಲೆ ನೋಡುವ ಅಧ್ಯಯನದಲ್ಲಿ ಯಾರಿಗೆ ಔಷಧ ಎಂಬುದನ್ನು ಸಂಶೋಧಕರು ನಿರ್ಧರಿಸಿರುವುದಿಲ್ಲ. ತಪ್ಪದೆ ಔಷಧ ಪಡೆಯುವವರು ಸಾಮಾನ್ಯವಾಗಿ ವೈದ್ಯರ ಬಳಿ ಹೋಗುವವರು, ಮಾತ್ರೆಯನ್ನು ನೆನಪಿಟ್ಟು ಸೇವಿಸಬಲ್ಲವರು, ನೋಡಿಕೊಳ್ಳುವ ಮನೆಮಂದಿ ಇರುವವರು. ಅವರಿಗೆ ಮರೆವು ಕಡಿಮೆಯಾದದ್ದು ಮಾತ್ರೆಯಿಂದಲೋ, ಇವುಗಳಿಂದಲೋ? ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗ ಮಾತ್ರ ಈ ಗೊಂದಲವನ್ನು ಬಿಡಿಸಬಲ್ಲದು.

ಹಿಂದೆಯೂ ಹೀಗೇ ಆಗಿದೆ. ನೋವುನಿವಾರಕ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಆಲ್‌ಝೈಮರ್ ಕಡಿಮೆಯೆಂದು ದಾಖಲೆಗಳು ಹೇಳಿದ್ದವು. ಅವು ಉರಿಯೂತ ತಗ್ಗಿಸುವ ಮಾತ್ರೆಗಳಾದ್ದರಿಂದ ಆಸೆ ಬಲವಾಗಿತ್ತು. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ದೊಡ್ಡ ಪ್ರಯೋಗದಲ್ಲಿ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಎರಡೂ ಮರೆವನ್ನು ತಡೆಯಲಿಲ್ಲ. ಮಧುಮೇಹದ ಔಷಧವಾದ ಸೆಮಾಗ್ಲುಟೈಡ್ ಕೂಡ 2025ರ ನವೆಂಬರಿನಲ್ಲಿ ಇದೇ ದಾರಿ ಹಿಡಿಯಿತು.

ಹಾಗೆಂದು ವೈರಾಣುವಿನ ಕಡತವನ್ನು ಮುಚ್ಚಿಬಿಡುವಂತಿಲ್ಲ. ಕೊಲಂಬಿಯಾ ಪ್ರಯೋಗ ನೋಡಿದ್ದು ಕಾಯಿಲೆ ಆಗಲೇ ತೋರಿಕೊಂಡವರನ್ನು. ಮನೆ ಹೊತ್ತಿಕೊಂಡ ಮೇಲೆ ಕಡ್ಡಿಪೆಟ್ಟಿಗೆಯನ್ನು ಬಚ್ಚಿಟ್ಟರೆ ಪ್ರಯೋಜನವಿಲ್ಲ. ಮೊದಲೇ ತಡೆದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಉಳಿದಿದೆ. ಇಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಉದಾಹರಣೆ ಮುಖ್ಯವಾದುದು. ಬಾಲ್ಯದ ಸೀತಾಳೆಯ ವೈರಾಣುವೇ ಮುಪ್ಪಿನಲ್ಲಿ ಮತ್ತೆ ಎದ್ದು ಸರ್ಪಸುತ್ತಾಗುತ್ತದೆ. ಅದೂ ಹರ್ಪಿಸ್ ಕುಲದ್ದೇ. 2013ರ ಸೆಪ್ಟೆಂಬರ್ 1ರಂದು ಅಲ್ಲಿ ಸರ್ಪಸುತ್ತಿನ ಲಸಿಕೆ ಆರಂಭವಾದಾಗ 1933ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರಿಗೆ ಮಾತ್ರ ಅರ್ಹತೆ ಎಂದು ನಿಯಮ ಮಾಡಲಾಯಿತು. ಒಂದು ವಾರ ಮುಂಚೆ ಹುಟ್ಟಿದವರಿಗೆ ಲಸಿಕೆ ಇಲ್ಲ, ಒಂದು ವಾರ ತಡವಾಗಿ ಹುಟ್ಟಿದವರಿಗೆ ಉಂಟು. ಬೇರೆ ಯಾವ ವ್ಯತ್ಯಾಸವೂ ಇಲ್ಲದ ಈ ಎರಡು ಗುಂಪುಗಳು ತಾವಾಗಿಯೇ ಚೀಟಿ ಎತ್ತಿದಂತಾದವು. ಏಳು ವರ್ಷಗಳಲ್ಲಿ ಲಸಿಕೆ ಪಡೆದವರಲ್ಲಿ ಮರೆಗುಳಿತನ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಯಿತೆಂದು 2025ರ ಏಪ್ರಿಲಿನಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಲ್ಲಿ ಬಳಸಿದ್ದು ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2023ರಿಂದ ಬೇರೆ ಬಗೆಯ ಹೊಸ ಲಸಿಕೆ ದೊರೆಯುತ್ತಿದ್ದು, ಸರ್ಪಸುತ್ತಿನ ತಡೆಗೆ ಅದನ್ನು ತೆಗೆದುಕೊಳ್ಳಬೇಕೇ ಎಂಬುದನ್ನು ಹಿರಿಯರು ತಮ್ಮ ವೈದ್ಯರೊಡನೆ ಚರ್ಚಿಸಬಹುದು.

ಮನೆಯವರು ತಿಳಿದಿರಬೇಕಾದದ್ದು

ಇಂದಿನವರೆಗೆ ಯಾವ ದೇಶದ ಔಷಧ ನಿಯಂತ್ರಣ ಸಂಸ್ಥೆಯೂ ಆಲ್‌ಝೈಮರ್‌ಗೆ ಯಾವುದೇ ವೈರಾಣು ಔಷಧವನ್ನು ಒಪ್ಪಿಲ್ಲ. ಆದ್ದರಿಂದ ‘ಹೇಗೂ ಹಳೆಯ ಮಾತ್ರೆ, ಕೊಟ್ಟು ನೋಡೋಣ’ ಎಂಬ ಆಲೋಚನೆ ಬೇಡವೆಂದು ನಾವು ಕಳಕಳಿಯಿಂದ ಹೇಳಬಯಸುತ್ತೇವೆ. ವ್ಯಾಲಸೈಕ್ಲೋವಿರ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ವಯಸ್ಸಾದವರ ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧ ರಕ್ತದಲ್ಲೇ ಸೇರಿಕೊಂಡು ಗೊಂದಲ, ಭ್ರಮೆಗಳನ್ನು ತರಬಲ್ಲದು. ಮರೆವು ಹೆಚ್ಚಿತೆಂದು ಮನೆಯವರು ಇನ್ನಷ್ಟು ಮಾತ್ರೆ ಕೊಡುವ ಅಪಾಯವೂ ಉಂಟು. ಲ್ಯಾಮಿವುಡಿನ್ ಹೆಪಟೈಟಿಸ್-ಬಿ ವೈರಾಣುವನ್ನೂ ಅದುಮಿಡುವ ಔಷಧ. ತಮಗೆ ಆ ಸೋಂಕಿರುವುದೇ ತಿಳಿಯದವರು ಅದನ್ನು ಕೆಲಕಾಲ ಸೇವಿಸಿ ನಿಲ್ಲಿಸಿದರೆ ಯಕೃತ್ತಿನ ಕಾಯಿಲೆ ಉಲ್ಬಣಿಸಬಹುದು.

‘ಹೊಸ ಚಿಕಿತ್ಸೆಯ ಪ್ರಯೋಗ’ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರವಿರಲಿ. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಬೇಕೆಂಬ ನಿಯಮ 2009ರಿಂದ ಜಾರಿಯಲ್ಲಿದೆ. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ.

ಮರೆವು ಕಂಡೊಡನೆ ಅದು ಆಲ್‌ಝೈಮರ್ ಎಂದೇ ತೀರ್ಮಾನಿಸುವುದೂ ಸರಿಯಲ್ಲ. ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಸೇವಿಸುತ್ತಿರುವ ಬೇರೆ ಮಾತ್ರೆಗಳು ಇವೂ ಮರೆವನ್ನು ತರುತ್ತವೆ, ಮತ್ತು ಇವನ್ನು ಸರಿಪಡಿಸಬಹುದು. ಮೊದಲ ಹೆಜ್ಜೆ ನರರೋಗ ಅಥವಾ ಮನೋರೋಗ ತಜ್ಞರ ಬಳಿಗೆ. ಲ್ಯಾನ್ಸೆಟ್ ಆಯೋಗದ 2024ರ ವರದಿಯ ಪ್ರಕಾರ ಪ್ರಪಂಚದ ಮರೆಗುಳಿತನದಲ್ಲಿ ಸುಮಾರು ಶೇಕಡ 45ರಷ್ಟು ನಾವು ಬದಲಿಸಬಹುದಾದ 14 ಕಾರಣಗಳಿಗೆ ಸಂಬಂಧಿಸಿದೆ. ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನ, ಕಿವಿ ಮಂದವಾಗುವುದು, ಕಣ್ಣಿನ ದೋಷ ಇವೆಲ್ಲ ಆ ಪಟ್ಟಿಯಲ್ಲಿವೆ. ದುಬಾರಿ ಔಷಧದ ಕನಸು ಕಾಣುವ ಮನೆಯಲ್ಲೇ ತಾತನವರ ಶ್ರವಣಯಂತ್ರ ಪೆಟ್ಟಿಗೆಯಲ್ಲಿ ಕುಳಿತಿರುವುದನ್ನು ನಾವು ಕಾಣುತ್ತೇವೆ.

ಹೊರನಾಡ ಕನ್ನಡಿಗರಾದ ನಮಗೆ ಹತ್ತಿರವಾದ ಮಾತೊಂದಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆಗುಳಿತನ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದು 2013ರಲ್ಲಿ ಪ್ರಕಟಿಸಿದರು. ಇದೂ ದಾಖಲೆಯ ಮೇಲಿನ ಸಂಬಂಧವೇ ಹೊರತು ಪ್ರಯೋಗದ ತೀರ್ಪಲ್ಲ; ಔಷಧಕ್ಕೆ ಹಾಕಿದ ಒರೆಗಲ್ಲನ್ನು ಇದಕ್ಕೂ ಹಾಕಬೇಕು. ಆದರೆ ಭಾಷೆಗೆ ಅಡ್ಡಪರಿಣಾಮವಿಲ್ಲ. ಹೊರಗೆ ನೆಲದ ಭಾಷೆ, ಮನೆಯೊಳಗೆ ಕನ್ನಡ ಎಂಬ ನಮ್ಮ ರೂಢಿಯನ್ನು ಮೊಮ್ಮಕ್ಕಳಿಗೂ ದಾಟಿಸೋಣ. ಮಾಸಿದ ನೆನಪಿನ ಅಜ್ಜಿ ಕನ್ನಡದಲ್ಲಿ ನೀರು ಕೇಳಿದಾಗ ಅರ್ಥಮಾಡಿಕೊಂಡು ತಂದುಕೊಡುವವರೊಬ್ಬರು ಮನೆಯಲ್ಲಿ ಇರಲಿ.